ತೂಗಿ ಕೊಟ್ಟದ್ದನ್ನು ತೂಗಿ ಒಪ್ಪಿಸಿ: ಚಿಕ್ಕ ಕೆಲಸದಲ್ಲಿ ನಂಬಿಗಸ್ತಿಕೆ

ಇವತ್ತಿನ ಪಾಠಕ್ಕೆ ಎಜ್ರನ ಪುಸ್ತಕ 8ನೇ ಅಧ್ಯಾಯವನ್ನು ತೆರೆಯಿರಿ. 21ರಿಂದ 34ನೇ ವಚನದವರೆಗೆ ಒಮ್ಮೆ ನಿಧಾನವಾಗಿ ಓದಿಕೊಳ್ಳಿ.

ಈ ಭಾಗದ ಮೇಲೆ ನಾವು ಪ್ರಸಂಗ ಕೇಳಿರುವುದು ಕಡಿಮೆ. ಯಾಕಂದ್ರೆ ಇದು ನೋಡೋಕೆ ಲೆಕ್ಕದ ಪುಸ್ತಕದ ಹಾಗಿದೆ. ಇಷ್ಟು ಬೆಳ್ಳಿ, ಇಷ್ಟು ಬಂಗಾರ, ಇಷ್ಟು ಬಟ್ಟಲು ಅಂತ ಪಟ್ಟಿ. ಇಲ್ಲಿ ಸಮುದ್ರ ಇಬ್ಭಾಗವಾಗಲಿಲ್ಲ, ಆಕಾಶದಿಂದ ಬೆಂಕಿ ಇಳಿಯಲಿಲ್ಲ. ಆದರೆ ಪವಿತ್ರಾತ್ಮನು ಈ ಪಟ್ಟಿಯನ್ನೂ ಬರೆಯಿಸಿದ್ದಾನೆ. ಯಾಕೆ ಬರೆಯಿಸಿದ ಅನ್ನೋದನ್ನು ಇವತ್ತು ಧ್ಯಾನಿಸೋಣ.

1. ಉಪವಾಸವೂ ಬೇಕು, ತಕ್ಕಡಿಯೂ ಬೇಕು

ಮೊದಲು ಹಿನ್ನೆಲೆ. ಪಾರಸಿಯ ಅರಸನಾದ ಅರ್ತಷಸ್ತನ ಆಳ್ವಿಕೆಯ 7ನೇ ವರ್ಷ, ಅಂದರೆ ಕ್ರಿ.ಪೂ. 458. ಎಜ್ರನು ಬಾಬೆಲಿನಿಂದ ಯೆರೂಸಲೇಮಿಗೆ ಒಂದು ದೊಡ್ಡ ಗುಂಪನ್ನು ಕರೆದುಕೊಂಡು ಹೊರಟಿದ್ದಾನೆ. ಜೊತೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ದಾರಿಯಲ್ಲಿ ಕಳ್ಳರ ಭಯ ಇದೆ. ಅರಸನ ಹತ್ರ ಸಿಪಾಯಿಗಳನ್ನು ಕೇಳಬಹುದಿತ್ತು. ಆದರೆ ಎಜ್ರನಿಗೆ ಕೇಳೋಕೆ ನಾಚಿಕೆಯಾಯಿತು. ಯಾಕಂದ್ರೆ ನಮ್ಮ ದೇವರು ತನ್ನನ್ನು ಹುಡುಕುವವರನ್ನು ಕಾಪಾಡುತ್ತಾನೆ ಅಂತ ಅರಸನ ಮುಂದೆ ಆಗಲೇ ಸಾಕ್ಷಿ ಹೇಳಿಬಿಟ್ಟಿದ್ದ. ಆದ್ದರಿಂದ ಅಹವಾ ನದಿಯ ಬಳಿ ಎಲ್ಲರೂ ಉಪವಾಸ ಮಾಡಿ ಪ್ರಾರ್ಥಿಸಿದರು. ದೇವರು ಅವರ ಪ್ರಾರ್ಥನೆ ಕೇಳಿದನು.

ಈಗ ಗಮನಿಸಿ. ಉಪವಾಸದ ವಿಷಯ ಬರೆದಿರುವುದು 23ನೇ ವಚನದಲ್ಲಿ. ಅದಾದ ತಕ್ಷಣ, 24ನೇ ವಚನದಲ್ಲಿ ಎಜ್ರನು ಏನು ಮಾಡಿದ? ಯಾಜಕರಲ್ಲಿ ಮುಖ್ಯರಾದ 12 ಮಂದಿಯನ್ನು ಆರಿಸಿ, ತಕ್ಕಡಿ ತರಿಸಿ, ಒಂದೊಂದನ್ನೂ ತೂಗಿ ಅವರ ಕೈಗೆ ಕೊಟ್ಟ. ಬೆಳ್ಳಿ 650 ತಲಾಂತು. ಬೆಳ್ಳಿಯ ಪಾತ್ರೆಗಳು 100 ತಲಾಂತು. ಬಂಗಾರ 100 ತಲಾಂತು. ಬಂಗಾರದ ಬಟ್ಟಲುಗಳು 20. ಬಂಗಾರದಷ್ಟೇ ಬೆಲೆಬಾಳುವ, ಹೊಳೆಯುವ ತಾಮ್ರದ ಪಾತ್ರೆಗಳು 2. ಒಂದು ತಲಾಂತು ಸುಮಾರು 30 ಕಿಲೋ ಅಂತ ಇಟ್ಟುಕೊಂಡರೂ ಆ ಬೆಳ್ಳಿಯೇ 19 ಟನ್ನಿಗಿಂತ ಹೆಚ್ಚು, ಬಂಗಾರ 3 ಟನ್.

ಒಬ್ಬ ಮನುಷ್ಯ ಸಿಪಾಯಿಗಳನ್ನು ಬೇಡ ಅನ್ನುವಷ್ಟು ದೇವರನ್ನು ನಂಬಿದ್ದಾನೆ. ಅದೇ ಮನುಷ್ಯ ಎರಡು ತಾಮ್ರದ ಪಾತ್ರೆಗಳನ್ನೂ ಬಿಡದೆ ಎಣಿಸುತ್ತಾನೆ. ನಮಗೆ ಇದು ವಿಚಿತ್ರ ಅನಿಸಬಹುದು. ನಂಬಿಕೆ ಇದ್ದರೆ ಲೆಕ್ಕ ಯಾಕೆ ಅಂತ ಕೇಳುವವರು ಸಭೆಗಳಲ್ಲಿ ಇದ್ದಾರೆ. ಎಜ್ರನಿಗೆ ಆ ಎರಡರ ನಡುವೆ ಜಗಳವೇ ಇರಲಿಲ್ಲ. ದಾರಿ ಕಾಯುವುದು ದೇವರ ಕೆಲಸ. ಕೈಗೆ ಕೊಟ್ಟದ್ದನ್ನು ಕಾಯುವುದು ನಮ್ಮ ಕೆಲಸ. ಪೆಂತೆಕೊಸ್ತ ವಿಶ್ವಾಸಿಗಳಾದ ನಮಗೆ ಉಪವಾಸ ಗೊತ್ತು, ಇಡೀ ರಾತ್ರಿ ಪ್ರಾರ್ಥನೆ ಗೊತ್ತು. ಸ್ತೋತ್ರ! ಆದರೆ ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ತಕ್ಕಡಿ ಹಿಡಿಯುವುದು ಗೊತ್ತಾ?

2. ಒಂದು ಬಟ್ಟಲು ಹೊರುವವನೂ ಪರಿಶುದ್ಧನು

28ನೇ ವಚನದಲ್ಲಿ ಎಜ್ರನು ಆ 12 ಮಂದಿಗೆ ಒಂದು ಮಾತು ಹೇಳುತ್ತಾನೆ. ಅದರ ಅರ್ಥ ಹೀಗಿದೆ: ನೀವು ಯೆಹೋವನಿಗೆ ಪರಿಶುದ್ಧರು, ಈ ಪಾತ್ರೆಗಳೂ ಪರಿಶುದ್ಧ. ಯೆರೂಸಲೇಮಿಗೆ ಸೇರಿ ಪಾತ್ರೆಗಳನ್ನು ಒಪ್ಪಿಸಿದ ಮೇಲೆ ಪರಿಶುದ್ಧರಾಗ್ತೀರಿ ಅಂತ ಅವನು ಹೇಳಲಿಲ್ಲ. ಹೊರುವ ಕೆಲಸ ಶುರುವಾಗುವ ಮೊದಲೇ ಹೇಳಿದ. ಅವರು ಮೊದಲು ದೇವರಿಗೆ ಸೇರಿದವರು. ಆದ್ದರಿಂದ ಅವರು ಹೊರುವ ಹೊರೆಗೂ ಬೆಲೆ ಬಂತು.

ಈಗ ಆ ಪ್ರಯಾಣವನ್ನು ಸ್ವಲ್ಪ ಯೋಚನೆ ಮಾಡಿ. ಎಜ್ರ 7:9ರ ಪ್ರಕಾರ 1ನೇ ತಿಂಗಳಲ್ಲಿ ಹೊರಟು 5ನೇ ತಿಂಗಳ ಮೊದಲ ದಿನ ಯೆರೂಸಲೇಮಿಗೆ ಸೇರಿದರು. ನಾಲ್ಕು ತಿಂಗಳು ದಾರಿ! ಬಿಸಿಲು, ಧೂಳು, ಅಳುವ ಮಕ್ಕಳು. ಆ ನಾಲ್ಕು ತಿಂಗಳ ದಿನಚರಿಯನ್ನು ಸತ್ಯವೇದ ಬರೆದಿಲ್ಲ. ಆದರೆ ಊಹೆ ಮಾಡೋಕೆ ಕಷ್ಟವಿಲ್ಲ. ಬೆಳಿಗ್ಗೆ ಮೂಟೆ ಕಟ್ಟು, ಸಂಜೆ ಇಳಿಸು, ಕಾವಲು ಇರು, ಮತ್ತೆ ಬೆಳಿಗ್ಗೆ ಮೂಟೆ ಕಟ್ಟು. ನಿಮ್ಮ ಸೋಮವಾರ, ಮಂಗಳವಾರಗಳ ಹಾಗೆಯೇ ಅಲ್ವಾ? ಅದೇ ಮೆಟ್ರೋ, ಅದೇ ಲಾಗಿನ್, ಅದೇ ಟಿಕೆಟ್, ಅದೇ ಎಕ್ಸೆಲ್ ಶೀಟ್.

ಆ ಗುಂಪಿನಲ್ಲಿ ಲೇವಿಯರಿಗೆ ಸಹಾಯ ಮಾಡೋಕೆ ಬಂದ 220 ಮಂದಿ ದೇವಾಲಯದ ಸೇವಕರೂ ಇದ್ದರು. ಅವರು ಯಾಜಕರಲ್ಲ, ಲೇವಿಯರೂ ಅಲ್ಲ. ಸಹಾಯಕರಿಗೆ ಸಹಾಯಕರು. ಆದರೆ 8:20ನ್ನು ನೋಡಿ. ಅವರೆಲ್ಲರ ಹೆಸರು ಬರೆಯಲ್ಪಟ್ಟಿತ್ತು. ನಿಮ್ಮ ಹೆಸರು ಸಭೆಯ ಪೋಸ್ಟರ್‌ನಲ್ಲಿ ಇಲ್ಲದೇ ಇರಬಹುದು. ದೇವರ ಪಟ್ಟಿಯಲ್ಲಿ ಇದೆ.

ನಮ್ಮ ನಾಡಿನ ಒಂದು ಉದಾಹರಣೆ ಹೇಳ್ತೀನಿ. ಫರ್ಡಿನಾಂಡ್ ಕಿಟೆಲ್ ಅವರ ಹೆಸರು ನೀವು ಶಾಲೆಯಲ್ಲೇ ಕೇಳಿದ್ದೀರಿ. ಬಾಸೆಲ್ ಮಿಷನ್ ಮೂಲಕ 1853ರಲ್ಲಿ ನಮ್ಮ ನಾಡಿಗೆ ಬಂದವರು. ಆಗ ವಯಸ್ಸು 21. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾಗಿದ್ದು 1894ರಲ್ಲಿ. ಅದರಲ್ಲಿ ಸುಮಾರು 70,000 ಪದಗಳಿವೆ. ನಿಘಂಟಿನ ಕೆಲಸ ಅಂದ್ರೆ ಏನು? ಒಂದು ಪದ, ಅದರ ಅರ್ಥ, ಅದನ್ನು ಎಲ್ಲಿ ಬಳಸಿದ್ದಾರೆ ಅನ್ನೋದು. ಆಮೇಲೆ ಇನ್ನೊಂದು ಪದ. ಅಲ್ಲಿ ಜನಸಂದಣಿ ಇರೋದಿಲ್ಲ, ಚಪ್ಪಾಳೆ ಇರೋದಿಲ್ಲ. ಆದರೆ ನೂರು ವರ್ಷ ದಾಟಿದ ಮೇಲೂ ಕನ್ನಡ ಓದುವವರು, ಬರೆಯುವವರು ಆ ಪುಸ್ತಕವನ್ನು ತೆರೆಯುತ್ತಾರೆ.

3. ಚಿಕ್ಕ ಕೆಲಸ ದೊಡ್ಡದಕ್ಕೆ ಮೆಟ್ಟಿಲಾ?

ಒಂದು ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ರ ಬಂದು ಕೇಳಿದ: "ಪಾಸ್ಟರ್, ಎರಡು ವರ್ಷದಿಂದ ಪ್ರೊಜೆಕ್ಟರ್‌ನಲ್ಲಿ ಹಾಡಿನ ಸಾಲು ಹಾಕ್ತಾ ಇದ್ದೀನಿ. ಚಿಕ್ಕದರಲ್ಲಿ ನಂಬಿಗಸ್ತನಾಗಿದ್ರೆ ದೊಡ್ಡದು ಕೊಡ್ತಾರೆ ಅಂತ ನೀವೇ ಹೇಳ್ತೀರಿ. ದೇವರು ನನಗೆ ನಿಜವಾದ ಸೇವೆ ಯಾವಾಗ ಕೊಡ್ತಾರೆ?"

ಒಳ್ಳೇ ಪ್ರಶ್ನೆ. ನೋವಿನ ಪ್ರಶ್ನೆಯೂ ಹೌದು. ಆ ತಮ್ಮನ ಮನಸ್ಸಿನಲ್ಲಿ ಪ್ರೊಜೆಕ್ಟರ್ ಒಂದು ವೇಟಿಂಗ್ ರೂಮ್ ಆಗಿಬಿಟ್ಟಿತ್ತು. ಸೇವೆ ಅನ್ನೋದು ಬಾಗಿಲಿನ ಆ ಕಡೆ ಎಲ್ಲೋ ಇದೆ, ತಾನು ಈ ಕಡೆ ಕೂತಿದ್ದೀನಿ ಅಂತ.

ಲೂಕ 16:10-12ನ್ನು ಸರಿಯಾಗಿ ಓದೋಣ. ಅಲ್ಲಿ ಕರ್ತನು ಹಣದ ಬಗ್ಗೆ ಮಾತಾಡ್ತಾ ಇದ್ದಾನೆ. ಅದಕ್ಕೆ ಮೊದಲು ಬರುವುದು ಯಜಮಾನನ ಆಸ್ತಿಯನ್ನು ಹಾಳು ಮಾಡಿದ ಮೇಲ್ವಿಚಾರಕನ ಸಾಮ್ಯ. ಕರ್ತನು ಮೂರು ಜೋಡಿಗಳನ್ನು ಇಡುತ್ತಾನೆ: ಸ್ವಲ್ಪದ್ದು ಮತ್ತು ಬಹಳವಾದದ್ದು, ಲೋಕದ ಧನ ಮತ್ತು ನಿಜವಾದ ಧನ, ಬೇರೆಯವರದು ಮತ್ತು ನಿಮ್ಮದು. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತನೇ ಅನ್ನೋದು ಅವನ ಮಾತಿನ ಅರ್ಥ. ಇದು ಪ್ರಮೋಷನ್ ಲೆಟರ್ ಅಲ್ಲ, ನಮ್ಮ ಸ್ಕ್ಯಾನ್ ರಿಪೋರ್ಟ್. ಒಳಗೆ ನೀನು ಯಾರು ಅಂತ ತೋರಿಸುತ್ತೆ. ಹತ್ತು ರೂಪಾಯಿಯಲ್ಲಿ ನೀನು ಯಾರೋ ಹತ್ತು ಲಕ್ಷದಲ್ಲೂ ಅವನೇ.

ಹಾಗಾದ್ರೆ ಮತ್ತಾಯ 25ರ ತಲಾಂತುಗಳ ಸಾಮ್ಯ? ಅಲ್ಲಿ ಯಜಮಾನನು ಹೆಚ್ಚಿನದರ ಮೇಲೆ ಇಡುತ್ತೇನೆ ಅಂತ ಹೇಳ್ತಾನಲ್ವಾ? ಹೌದು, ಹೇಳ್ತಾನೆ. ಆದರೆ ಎರಡು ವಿಷಯ ನೋಡಿ. ಒಂದು, ಅದು ಬಹುಕಾಲದ ನಂತರ, ಯಜಮಾನನು ತಿರುಗಿ ಬಂದು ಲೆಕ್ಕ ನೋಡುವ ದಿನ ಆಗುವುದು. ವರ್ಷ ವರ್ಷ ಬರುವ ಅಪ್ರೈಸಲ್ ಅಲ್ಲ. ಎರಡು, 21 ಮತ್ತು 23ನೇ ವಚನಗಳನ್ನು ಪಕ್ಕಪಕ್ಕ ಇಟ್ಟು ಓದಿ. ಐದು ತಲಾಂತಿನವನಿಗೆ ಸಿಕ್ಕಿದ ಹೊಗಳಿಕೆಯೇ ಎರಡು ತಲಾಂತಿನವನಿಗೂ ಸಿಕ್ಕಿತು. ಒಂದು ಮಾತೂ ಕಡಿಮೆ ಇಲ್ಲ. ಯಜಮಾನನು ಗಾತ್ರ ನೋಡಲಿಲ್ಲ.

ಯೋಸೇಫನನ್ನು ನೋಡಿ. ಪೋಟೀಫರನ ಮನೆಯಲ್ಲಿ ನಂಬಿಗಸ್ತನಾಗಿದ್ದ. ಸಿಕ್ಕಿದ್ದು ಸೆರೆಮನೆ. ಸೆರೆಮನೆಯಲ್ಲೂ ನಂಬಿಗಸ್ತನಾಗಿದ್ದ. ಅವನಿಂದ ಕನಸಿನ ಅರ್ಥ ತಿಳಿದ ಪಾನದಾಯಕನು ಅವನನ್ನು ಮರೆತೇಬಿಟ್ಟ, ಎರಡು ವರ್ಷ. ಯೋಸೇಫನು ಸಿಂಹಾಸನಕ್ಕೋಸ್ಕರ ನಂಬಿಗಸ್ತನಾಗಿದ್ದರೆ ಸೆರೆಮನೆಯ ಮೊದಲ ವಾರದಲ್ಲೇ ಬಿಟ್ಟುಬಿಡ್ತಿದ್ದ. ಅವನು ಪೋಟೀಫರನ ಹೆಂಡತಿಗೆ ಕೊಟ್ಟ ಉತ್ತರದಲ್ಲಿ (ಆದಿಕಾಂಡ 39:9) ಕಾರಣ ಇದೆ. ಅವನ ಕಣ್ಣಿನ ಮುಂದೆ ದೇವರಿದ್ದರು.

ಇನ್ನೂ ಬಲವಾದ ಮಾತು ಕೊಲೊಸ್ಸೆ 3:22-24ರಲ್ಲಿದೆ. ಮನುಷ್ಯರ ಕಣ್ಣಿಗೆ ಕಾಣುವಾಗ ಮಾತ್ರವಲ್ಲ, ಕರ್ತನಿಗೋಸ್ಕರ ಅಂತ ಮನಸ್ಸಿಟ್ಟು ಕೆಲಸ ಮಾಡಿ ಅಂತ ಪೌಲನು ಬರೆದದ್ದು ಯಾರಿಗೆ? ದಾಸರಿಗೆ. ಅವರಿಗೆ ಹೈಕ್ ಇಲ್ಲ, ಕೆಲಸ ಬದಲಾಯಿಸುವ ಹಾಗಿಲ್ಲ, ತಂದೆಯ ಆಸ್ತಿಯಲ್ಲಿ ಪಾಲು ಅಂತೂ ಇಲ್ಲವೇ ಇಲ್ಲ. ಅಂಥವರಿಗೆ ಪೌಲನು, ನಿಮಗೆ ಕರ್ತನಿಂದ ಬಾಧ್ಯತೆ ಸಿಗುತ್ತೆ ಅಂತ ಹೇಳ್ತಾನೆ. ಮಕ್ಕಳಿಗೆ ಕೊಡುವುದನ್ನು ದಾಸರಿಗೆ! ಹಲ್ಲೆಲೂಯಾ! ಆ ದಾಸನು ನೆಲ ಒರೆಸುವಾಗಲೂ ದೇವರ ಮಗನಾಗಿಯೇ ಒರೆಸುತ್ತಿದ್ದ.

ಆದ್ದರಿಂದ ಆ ತಮ್ಮನಿಗೆ ನಾನು ಹೇಳಿದ್ದು ಇದು: ದೇವರು ನಿನಗೆ ಸೇವೆ ಕೊಟ್ಟು ಎರಡು ವರ್ಷ ಆಯ್ತಪ್ಪಾ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ಕಣ್ಣು ಸರಿಯಾಗಿ ಕಾಣಲ್ಲ. ನೀನು ಅಕ್ಷರ ದೊಡ್ಡದು ಮಾಡಿ, ಸರಿಯಾದ ಹೊತ್ತಿಗೆ ಸಾಲು ಹಾಕಿದಾಗ ಅವರು ಕೈಯೆತ್ತಿ ಹಾಡ್ತಾರೆ. ಆ ಆರಾಧನೆಯಲ್ಲಿ ನಿನ್ನ ಪಾಲಿದೆ. ನಾಳೆ ದೇವರು ಮೈಕ್ ಕೊಟ್ಟರೆ ತಗೋ. ಕೊಡದಿದ್ದರೂ ನೀನು ಕಳೆದುಕೊಂಡಿದ್ದು ಏನೂ ಇಲ್ಲ.

4. ಕದಿಯದಿದ್ದರೆ ಸಾಕಾ?

ದಾನಿಯೇಲ 6:4ಕ್ಕೆ ಬನ್ನಿ. ವೈರಿಗಳು ದಾನಿಯೇಲನ ಆಡಳಿತದಲ್ಲಿ ತಪ್ಪು ಹುಡುಕಿದರು. ಏನೂ ಸಿಗಲಿಲ್ಲ. ಯಾಕಂದ್ರೆ ಅವನಲ್ಲಿ ಎರಡು ವಿಷಯ ಇರಲಿಲ್ಲ. ಒಂದು, ಮೋಸ. ಇನ್ನೊಂದು, ಉದಾಸೀನ. ಮಾಡಬಾರದ್ದನ್ನು ಮಾಡುವುದು ಮೋಸ. ಮಾಡಬೇಕಾದ್ದನ್ನು ಬಿಟ್ಟುಬಿಡುವುದು ಉದಾಸೀನ.

ನಮ್ಮಲ್ಲಿ ತುಂಬ ಜನ ಮೋಸಕ್ಕೆ ಹೆದರ್ತಾರೆ, ಉದಾಸೀನಕ್ಕೆ ಹೆದರಲ್ಲ. ಆಫೀಸಿನಲ್ಲಿ ಲಂಚ ಮುಟ್ಟಲ್ಲ, ಸರಿ. ಆದರೆ ವರ್ಕ್ ಫ್ರಮ್ ಹೋಮ್ ದಿನ ಲ್ಯಾಪ್‌ಟಾಪ್‌ನಲ್ಲಿ ಹಸಿರು ಚುಕ್ಕಿ ಉರೀತಾ ಇದ್ದರೆ ಸಾಕು ಅಂತ ಮಲಗೋದು? ಪರೀಕ್ಷೆ ಮಾಡದ ಕೆಲಸವನ್ನು ಮಾಡಿದ್ದೀನಿ ಅಂತ ಟಿಕ್ ಹಾಕಿ ಕಳಿಸೋದು? ನೀನು ಬಿಟ್ಟ ಕೆಲಸ ಗಾಳಿಯಲ್ಲಿ ಮಾಯ ಆಗಲ್ಲ. ಪಕ್ಕದ ಸೀಟಿನವನು ರಾತ್ರಿ ಹನ್ನೊಂದಕ್ಕೆ ಕೂತು ಅದನ್ನು ಸರಿ ಮಾಡ್ತಾನೆ. ಅವನು ಯೇಸುವನ್ನು ಅರಿಯದವನಾಗಿದ್ದರೆ, ಭಾನುವಾರ ನೀನು ಕೊಡುವ ಕರಪತ್ರವನ್ನು ಯಾವ ಮುಖದಿಂದ ತಗೊಳ್ತಾನೆ? ನರ್ಸಿಂಗ್ ಮಾಡುವ ತಂಗಿಯರೇ, ರಾತ್ರಿ ಡ್ಯೂಟಿಯಲ್ಲಿ ಬಿಪಿ ನೋಡದೆ ಚಾರ್ಟ್‌ನಲ್ಲಿ ಒಂದು ಅಂಕಿ ಬರೆದರೆ ಅದು ಚಿಕ್ಕದಾ? ಆ ಅಂಕಿ ನೋಡಿ ಡಾಕ್ಟರ್ ಬೆಳಿಗ್ಗೆ ಔಷಧಿ ಬರೀತಾರೆ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ನಮ್ಮ ಸಭೆಗೆ ಬರುವ ಒಬ್ಬ ತಂಗಿ ಒಪ್ಪಿಗೆ ಕೊಟ್ಟಿರೋದರಿಂದ ಹೇಳ್ತಾ ಇದ್ದೀನಿ. ಊರಿನಿಂದ ಬೆಂಗಳೂರಿಗೆ ಬಂದು ಪಿಜಿಯಲ್ಲಿದ್ದು ಕೆಲಸ ಹುಡುಕ್ತಾ ಇದ್ದಳು. ಓದಿಗೆ ಮಾಡಿದ ಸಾಲ ಊರಲ್ಲಿದೆ. ಯಾರೋ ಒಬ್ಬ ಮಧ್ಯವರ್ತಿ, ಎರಡು ವರ್ಷ ಅನುಭವ ಇದೆ ಅಂತ ಸರ್ಟಿಫಿಕೇಟ್, ಸ್ಯಾಲರಿ ಸ್ಲಿಪ್ ಎಲ್ಲಾ ಮಾಡಿಸಿ ಕೊಡ್ತೀನಿ ಅಂದ. ಅವಳ ಜೊತೆಯವರು ಹಾಗೆಯೇ ಕೆಲಸಕ್ಕೆ ಸೇರಿದ್ದರು. "ಪಾಸ್ಟರಣ್ಣಾ, ಒಂದು ಕಾಗದ ತಾನೇ? ಕೆಲಸ ಸಿಕ್ಕಿದ ಮೇಲೆ ನಿಯತ್ತಾಗಿ ಮಾಡ್ತೀನಿ" ಅಂದಳು.

ನಾನು ಹೇಳಿದೆ, ಸೇರುವಾಗಲೇ ಸುಳ್ಳು ಹೇಳಿದರೆ ಆಮೇಲೆ ಎಷ್ಟು ನಿಯತ್ತಾಗಿ ಕೆಲಸ ಮಾಡಿದರೂ ಅದು ಆ ಸುಳ್ಳಿಗೆ ಕಾವಲು ಕೂತ ಹಾಗೆ ಆಗುತ್ತಮ್ಮಾ. ಆದರೆ ಬೇಡ ಅಂತ ಹೇಳಿ ಕಳಿಸಿಬಿಟ್ಟರೆ ಸಭೆಯ ಕೆಲಸ ಮುಗೀತಾ? ಅವಳಿಗೋಸ್ಕರ ಪ್ರಾರ್ಥನೆ ಮಾಡಿದೆವು. ಸಭೆಯ ಇಬ್ಬರು ಸಹೋದರರು ಶನಿವಾರ ಕೂತು ಇಂಟರ್‌ವ್ಯೂಗೆ ತಯಾರಿ ಮಾಡಿಸಿದರು. ಒಂದು ತಿಂಗಳ ಪಿಜಿ ಬಾಡಿಗೆಯನ್ನು ಸಭೆ ಕೊಟ್ಟಿತು. ಏಳು ತಿಂಗಳಾದ ಮೇಲೆ ಒಂದು ಕೆಲಸ ಸಿಕ್ಕಿತು. ಸಂಬಳ ಜೊತೆಯವರಿಗಿಂತ ಕಡಿಮೆ. ಸಾಲ ಇನ್ನೂ ತೀರಿಲ್ಲ. ಇದು ದೊಡ್ಡ ಅದ್ಭುತದ ಸಾಕ್ಷಿ ಅಂತ ನಾನು ಹೇಳಲ್ಲ. ಅವಳು ಮಾತ್ರ ಒಂದು ಮಾತು ಹೇಳಿದಳು: "ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮೇಲ್ ಬಂದಾಗ ನನ್ನ ಕೈ ನಡುಗಲಿಲ್ಲ ಪಾಸ್ಟರಣ್ಣಾ." ದೇವರಿಗೆ ಸ್ತೋತ್ರ.

ಈಗಾಗಲೇ ಅಂಥ ಕಾಗದ ಕೊಟ್ಟು ಕೆಲಸದಲ್ಲಿರುವವರು ಇದನ್ನು ಓದ್ತಾ ಇರಬಹುದು. ನಿಮ್ಮನ್ನು ಖಂಡಿಸಿ ಓಡಿಸೋದು ನನ್ನ ಉದ್ದೇಶವಲ್ಲ. ಜಕ್ಕಾಯನ ಮನೆಗೆ ಯೇಸು ಬಂದದ್ದು ಅವನು ಲೆಕ್ಕ ಸರಿ ಮಾಡಿದ ಮೇಲಲ್ಲ. ಯೇಸು ಮೊದಲು ಬಂದನು, ಆಮೇಲೆ ಜಕ್ಕಾಯನು ಎದ್ದು ನಿಂತು, ಯಾರಿಗಾದರೂ ಅನ್ಯಾಯ ಮಾಡಿದ್ದರೆ ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದ. ಒಬ್ಬರೇ ಹೆದರಿಕೊಂಡು ಕೂರಬೇಡಿ. ನಿಮ್ಮ ಪಾಸ್ಟರ್ ಹತ್ರ ಬಂದು ಮಾತಾಡಿ. ಸರಿ ಮಾಡುವ ದಾರಿಯಲ್ಲಿ ನಷ್ಟ ಇರಬಹುದು. ಆ ದಾರಿಯಲ್ಲಿ ಕರ್ತನೂ ಇರ್ತಾನೆ.

5. ಲೆಕ್ಕ ಕೊಡುವುದು ಅವಮಾನವಲ್ಲ

ಎಜ್ರನ ಕಡೆಗೆ ತಿರುಗೋಣ. ಯೆರೂಸಲೇಮಿಗೆ ಸೇರಿ ಮೂರು ದಿನ ವಿಶ್ರಾಂತಿ. 4ನೇ ದಿನ ಏನು ನಡೀತು? ದೇವಾಲಯದಲ್ಲಿ ಎಲ್ಲವನ್ನೂ ಮತ್ತೆ ತೂಗಿದರು. ಇಬ್ಬರು ಯಾಜಕರು, ಇಬ್ಬರು ಲೇವಿಯರು, ಒಟ್ಟು ನಾಲ್ಕು ಮಂದಿ ಅಲ್ಲಿದ್ದರು. ಲೆಕ್ಕ ಮತ್ತು ತೂಕ ನೋಡಿ, ಆ ತೂಕವನ್ನೆಲ್ಲ ಬರೆದಿಟ್ಟರು. 12 ಮಂದಿ ಯಾಜಕರಲ್ಲಿ ಯಾರೂ, ನಮ್ಮ ಮೇಲೆ ಸಂಶಯನಾ ಅಂತ ಮುಖ ಊದಿಸಿಕೊಂಡರು ಅಂತ ಬರೆದಿಲ್ಲ. ಅಲ್ಲಿ ಕೊಟ್ಟ ತೂಕ, ಇಲ್ಲಿ ಒಪ್ಪಿಸಿದ ತೂಕ, ಎರಡೂ ಸರಿಹೋಯಿತು. ಆ ದಿನ ಅವರಿಗೆ ಎಷ್ಟು ಸಂತೋಷ ಆಗಿರಬೇಕು!

ಪೌಲನೂ ಹೀಗೆಯೇ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಕಾಣಿಕೆಯನ್ನು ತಾನೊಬ್ಬನೇ ತಗೊಂಡು ಹೋಗಲಿಲ್ಲ. ಯಾರೂ ತಪ್ಪು ಹೊರಿಸದ ಹಾಗೆ, ಸಭೆಗಳು ಆರಿಸಿದ ಸಹೋದರನನ್ನು ಜೊತೆಯಲ್ಲಿ ಸೇರಿಸಿಕೊಂಡನು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನೋದು ಅವನ ಲೆಕ್ಕಾಚಾರ (2 ಕೊರಿಂಥ 8:19-21). ಸಭೆಯಲ್ಲಿ ಕಾಣಿಕೆ ಎಣಿಸುವಾಗ ಇಬ್ಬರಾದರೂ ಇರಲಿ, ಬಿಲ್ ಇರಲಿ ಅಂತ ಕೇಳಿದರೆ ಅದು ಅವಿಶ್ವಾಸವಲ್ಲ. ಎಜ್ರನ ದಾರಿ.

ಇಲ್ಲಿ ನಾಯಕರಿಗೂ ಒಂದು ಮಾತು. ನಂಬಿಗಸ್ತಿಕೆ ಅನ್ನುವ ಪದವನ್ನು ಚಿಕ್ಕವರ ಹೆಗಲ ಮೇಲೆ ಮೂಟೆ ಹೇರೋಕೆ ಬಳಸಬಾರದು. ವಾರವೆಲ್ಲಾ ದುಡಿದು ಬಂದ ಹುಡುಗನಿಗೆ ಶನಿವಾರ ರಾತ್ರಿ ಸೌಂಡ್ ಸಿಸ್ಟಮ್, ಭಾನುವಾರ ಕುರ್ಚಿ, ಸಂಜೆ ವಿಡಿಯೋ ಎಡಿಟಿಂಗ್ ಕೊಟ್ಟು, ಅವನು ಸುಸ್ತಾಯಿತು ಅಂದ್ರೆ ನಂಬಿಗಸ್ತನಲ್ಲ ಅನ್ನೋದು ಅನ್ಯಾಯ. ದಾಸರಿಗೆ ಬರೆದ ಅದೇ ಪತ್ರದಲ್ಲಿ, ಕೊಲೊಸ್ಸೆ 4:1ರಲ್ಲಿ, ಯಜಮಾನರು ನ್ಯಾಯವಾಗಿ ನಡೆದುಕೊಳ್ಳಬೇಕು ಅಂತಲೂ ಪೌಲನು ಬರೆದಿದ್ದಾನೆ. ಯೌವನಸ್ಥರೇ, ಎಲ್ಲದಕ್ಕೂ ಹೂಂ ಅನ್ನೋದು ನಂಬಿಗಸ್ತಿಕೆಯಲ್ಲ. ಒಪ್ಪಿಕೊಂಡದ್ದನ್ನು ಮಾಡುವುದು ನಂಬಿಗಸ್ತಿಕೆ. ಆಗಲ್ಲ ಅಂದ್ರೆ ಮೊದಲೇ ಮರ್ಯಾದೆಯಿಂದ ಆಗಲ್ಲ ಅಂತ ಹೇಳಿ.

6. ಊಟ ಬಡಿಸೋಕೂ ಅಭಿಷೇಕ ಬೇಕು

ಅಭಿಷೇಕ ಅಂದ ತಕ್ಷಣ ನಮಗೆ ವೇದಿಕೆ ನೆನಪಾಗುತ್ತೆ. ಆದರೆ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ವಿಧವೆಯರಿಗೆ ಊಟ ಹಂಚುವ ಕೆಲಸಕ್ಕೆ ಏಳು ಮಂದಿ ಬೇಕಾದಾಗ, ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆದವರನ್ನೇ ಹುಡುಕಿದರು. ಯಾಕೆ? ಊಟ ಹಂಚುವುದರಲ್ಲಿ ಭಾಷೆಯ ಭೇದ ಬಂದಿತ್ತು, ಕೆಲವು ವಿಧವೆಯರು ಬಿಟ್ಟುಹೋಗ್ತಾ ಇದ್ದರು. ಒಂದು ತಟ್ಟೆ ತಪ್ಪಿದರೆ ಸಭೆಯೇ ಒಡೆಯುವ ಹಾಗಿತ್ತು. ಸರಿಯಾಗಿ ಬಡಿಸೋಕೆ ಆತ್ಮನ ಬಲವೇ ಬೇಕಿತ್ತು.

ವಿಮೋಚನಕಾಂಡ 31ರಲ್ಲಿ ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿದ್ದು ಪ್ರವಾದನೆಗಲ್ಲ. ಬಂಗಾರ, ಬೆಳ್ಳಿ, ತಾಮ್ರ, ಮರದ ಕೆಲಸಕ್ಕೆ. ಹಾಗಾದರೆ ನಿಮ್ಮ ಕೋಡಿಂಗ್‌ಗೆ, ನಿಮ್ಮ ಡೆಲಿವರಿ ಬ್ಯಾಗಿಗೆ, ನಿಮ್ಮ ಅಡುಗೆಮನೆಗೆ ಪವಿತ್ರಾತ್ಮನು ಬರಲ್ವಾ? ಕೇಳಿ ನೋಡಿ. ಭಾನುವಾರ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದ ನಾಲಿಗೆಯೇ ಸೋಮವಾರ ಕ್ಲೈಂಟ್‌ಗೆ ನಿಜ ಹೇಳುವ ನಾಲಿಗೆಯಾಗಲಿ.

7. ಇದ್ದಿಲ ಬೆಂಕಿಯ ಬಳಿ ಕರ್ತನು

ಕೊನೆಯದಾಗಿ, ನಂಬಿಗಸ್ತರಾಗಿದ್ದರೆ ರಕ್ಷಣೆ ಸಿಗುತ್ತೆ ಅಂತ ಈ ಪಾಠವನ್ನು ತಪ್ಪಾಗಿ ತಿಳಿಯಬೇಡಿ. ನಮ್ಮ ತೂಕ ಸರಿಯಾಗಿಲ್ಲದೇ ಇದ್ದದ್ದರಿಂದಲೇ ಯೇಸು ಶಿಲುಬೆಗೆ ಹೋದದ್ದು. ರಕ್ಷಣೆ ಕೃಪೆಯಿಂದ. ನಂಬಿಗಸ್ತಿಕೆ ಆ ಕೃಪೆಯ ಫಲ.

ನಮ್ಮ ಕರ್ತನನ್ನೇ ನೋಡಿ. ಸೇವೆ ಶುರು ಮಾಡಿದಾಗ ಸುಮಾರು 30 ವರ್ಷ. ಅದಕ್ಕೆ ಮುಂಚೆ ಊರಿನವರಿಗೆ ಅವನು ಒಬ್ಬ ಬಡಗಿ (ಮಾರ್ಕ 6:3). ಐದು ರೊಟ್ಟಿಯಿಂದ 5,000 ಗಂಡಸರನ್ನು ಉಣಿಸಿದ ಮೇಲೆ, ಉಳಿದ ತುಂಡುಗಳನ್ನು ಕೂಡಿಸಿ, ಏನೂ ಹಾಳಾಗಬಾರದು ಅಂದನು. ಬೇಕಾದಷ್ಟು ರೊಟ್ಟಿ ಮಾಡಬಲ್ಲವನು ಚೂರುಗಳನ್ನು ಆರಿಸಿ ಅನ್ನುತ್ತಾನೆ!

ಯೋಹಾನ 21ನ್ನು ಓದಿ. ಮರಣವನ್ನು ಜಯಿಸಿ ಎದ್ದ ಕರ್ತನು ದಡದಲ್ಲಿ ಇದ್ದಾನೆ. ಶಿಷ್ಯರು ರಾತ್ರಿಯೆಲ್ಲಾ ಬಲೆ ಹಾಕಿ ದಣಿದು ಬರುತ್ತಿದ್ದಾರೆ. ದಡದಲ್ಲಿ ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಬನ್ನಿ, ಊಟ ಮಾಡಿ ಅಂತ ಕರೆಯುತ್ತಾನೆ. ಸಮಾಧಿಯನ್ನು ಗೆದ್ದ ಕೈಯೇ ಬೆಳಗಿನ ಊಟ ಬಡಿಸಿತು. ಹೀಗಿರುವಾಗ ನಮಗೆ ಯಾವ ಕೆಲಸ ಚಿಕ್ಕದು?

ಈ ವಾರ ಮಾಡಿ ನೋಡಿ

ಒಂದು, ನಿಮ್ಮ ಕೈಯಲ್ಲಿರುವ ಬೇರೆಯವರ ಸೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕಂಪನಿಯ ಸಮಯ, ಸಭೆಯ ಗಿಟಾರ್, ಸ್ನೇಹಿತನಿಂದ ತಗೊಂಡ 500 ರೂಪಾಯಿ, ಎಲ್ಲವೂ. ತಿರುಗಿ ಕೊಡಬೇಕಾದ್ದನ್ನು ಶನಿವಾರದೊಳಗೆ ಕೊಟ್ಟುಬಿಡಿ.

ಎರಡು, ಯಾರೂ ನೋಡದ ಒಂದು ಕೆಲಸವನ್ನು ಆರಿಸಿಕೊಳ್ಳಿ. ಅದನ್ನು ಶುರು ಮಾಡುವ ಮೊದಲು ಒಂದು ನಿಮಿಷ ಪ್ರಾರ್ಥಿಸಿ. ಮುಗಿಸಿದ ಮೇಲೆ ಯಾರಿಗೂ ಹೇಳಬೇಡಿ, ಸ್ಟೇಟಸ್ ಹಾಕಬೇಡಿ.

ಮೂರು, ನಿಮ್ಮ ಸೆಲ್ ಗ್ರೂಪ್‌ನಲ್ಲಿ ಈ ಪ್ರಶ್ನೆಯನ್ನು ಮಾತಾಡಿಕೊಳ್ಳಿ: ಮೋಸ, ಉದಾಸೀನ, ಈ ಎರಡರಲ್ಲಿ ನನ್ನನ್ನು ಹೆಚ್ಚು ಎಳೆಯುವುದು ಯಾವುದು? ಯಾವ ಜಾಗದಲ್ಲಿ?

ಪ್ರಾರ್ಥನೆ

ಪರಲೋಕದ ತಂದೆಯೇ, ನೀನು ನಮ್ಮ ಕೈಗೆ ತೂಗಿ ಕೊಟ್ಟದ್ದಕ್ಕಾಗಿ ಸ್ತೋತ್ರ. ಅದು ಚಿಕ್ಕದು ಅಂತ ನಾವು ಅಲಕ್ಷ್ಯ ಮಾಡದ ಹಾಗೆ ಸಹಾಯ ಮಾಡು. ಕೆಲಸ ಹುಡುಕುತ್ತಿರುವ ತಮ್ಮ ತಂಗಿಯರಿಗೆ ನೇರವಾದ ಬಾಗಿಲನ್ನು ತೆರೆ. ತಡವಾದರೆ ಕಾಯುವ ಬಲ ಕೊಡು. ಅವರ ಕೈ ಹಿಡಿಯುವ ಸಭೆಯಾಗಿ ನಮ್ಮನ್ನು ಮಾಡು. ಯಾರೂ ನೋಡದ ಜಾಗದಲ್ಲಿ ಸೇವೆ ಮಾಡಿ ಬೇಸತ್ತವರನ್ನು ನಿನ್ನ ಆತ್ಮನಿಂದ ಮತ್ತೆ ತುಂಬಿಸು. ನೀನು ಲೆಕ್ಕ ನೋಡುವ ದಿನ ಸಂತೋಷದಿಂದ ನಿನ್ನ ಮುಂದೆ ನಿಲ್ಲುವ ಕೃಪೆ ಕೊಡು. ನಂಬಿಗಸ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.